ಮರೆತ ಪಾಸ್‌ವರ್ಡ್

ಹೋದ ದೀಪಾವಳಿಯಲ್ಲಿ ನನ್ನ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಮರೆತೇಹೋಯಿತು. ಒಳಗೆ ಅಮ್ಮನ ಕೊನೆಯ ಫೋಟೊಗಳು, ಬೇರೆಲ್ಲೂ ಇರಲಿಲ್ಲ. ಇಲ್ಲೇ ಸಾತಪುರದ ಅಂಗಡಿಯವನು 'ಫಾರ್ಮ್ಯಾಟ್ ಕರಾವಂ ಲಾಗೇಲ್' ಎಂದ. ಫಾರ್ಮ್ಯಾಟ್ ಎಂದರೆ ಎಲ್ಲಾ ಅಳಿಸಿದಂತೆ! ಬೇಡವೆಂದು ವಾಪಸ್ ತಂದೆ.

ಬೆಂಗಳೂರಿನಿಂದ ಮಗಳು ಫೋನಲ್ಲಿ ಕೇಳಿದಳು: "ಅಮ್ಮಾ, ಲಾಗಿನ್ ಆಗುವಾಗ ನಿನ್ನ ಇಮೇಲ್ ಕಾಣುತ್ತಾ?" ಕಂಡಿತು. ಹಾಗಾದರೆ ಅದು ಮೈಕ್ರೋಸಾಫ್ಟ್ ಖಾತೆ. ಮೊಬೈಲಿನಲ್ಲೇ ಹೊಸ ಪಾಸ್‌ವರ್ಡ್ ಹಾಕಬಹುದಂತೆ. ಕಂಪ್ಯೂಟರಿನದೇ ಖಾತೆಯಾಗಿದ್ದರೆ, ಮೊದಲೇ ಉತ್ತರ ಕೊಟ್ಟಿಟ್ಟ ಭದ್ರತಾ ಪ್ರಶ್ನೆಗಳು ಬೇಕು.

ಕೋಡ್ ಬಂದದ್ದು ನಮ್ಮವರ ಹಳೆಯ ನಂಬರಿಗೆ. ಆ ಸಿಮ್ಮಿಗೆ ರೀಚಾರ್ಜ್ ದಂಡವೆಂದು ಜಗಳವಾಡಿದವಳು ನಾನೇ! ಲ್ಯಾಪ್‌ಟಾಪಿಗೆ ವೈಫೈ ಕೊಟ್ಟು ಹೊಸ ಪಾಸ್‌ವರ್ಡ್ ಒತ್ತಿದೆ, ತೆರೆಯಿತು.

ಅವತ್ತೇ ಫೋಟೊಗಳನ್ನು ಪೆನ್‌ಡ್ರೈವಿಗೆ ಹಾಕಿದೆ. ಬಿಟ್‌ಲಾಕರಿನ 48 ಅಂಕಿಯ ಕೀಯನ್ನೂ ಬರೆದು, ಬೀರುವಿನಲ್ಲಿ ಅಮ್ಮನ ಇಳಕಲ್ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೇನೆ.