ನಿದ್ದೆಗೆಟ್ಟ ಹಡಗು
(ಹೊನ್ನಾಳಿಯ ಸಭೆಯಲ್ಲಿ ಮಾಡಿದ ಭಾಷಣ)



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ರೈತರಿಗೆ ಕಡಲ ಮಾತೇಕೆ ಎಂದು ನೀವು ಕೇಳಬಹುದು. ನಾವು ಮೆಕ್ಕೆಜೋಳಕ್ಕೂ ಅಡಿಕೆ ತೋಟಕ್ಕೂ ಹಾಕುವ ಪೊಟ್ಯಾಷ್ ಹೊರದೇಶದಿಂದ ಹಡಗಿನಲ್ಲೇ ಬರುತ್ತದೆ. ಅದನ್ನು ತರುವವನೂ ನಮ್ಮಂತೆ ದುಡಿದು ತಿನ್ನುವವನೇ.

ಸಂತೆ ಮುಗಿಸಿ ಬರುವ ಗಾಡಿಯವನು ತೂಕಡಿಸಿದರೂ ಎತ್ತುಗಳು ಮನೆ ಸೇರಿಸುತ್ತಿದ್ದವು. ಹಡಗಿಗೆ ಆ ಬುದ್ಧಿಯಿಲ್ಲ. 2010ರ ಏಪ್ರಿಲ್ 3ರಂದು ಷೆನ್ ನೆಂಗ್-1 ಎಂಬ ಚೀನದ ಹಡಗು ಆಸ್ಟ್ರೇಲಿಯಾದ ಗ್ಲ್ಯಾಡ್‌ಸ್ಟನ್ ಬಂದರಿನಿಂದ ಕಲ್ಲಿದ್ದಲು ಹೊತ್ತು ಹೊರಟು, ಅದೇ ಸಂಜೆ ಹವಳದ ದಿಬ್ಬದ ಮೇಲೆ ಹತ್ತಿ ಕೂತಿತು. ತಿರುಗಬೇಕಾದ ಕಡೆ ತಿರುಗಲಿಲ್ಲ. ಪಹರೆಯಲ್ಲಿದ್ದ ಅಧಿಕಾರಿ ಹಿಂದಿನ 38½ ಗಂಟೆಗಳಲ್ಲಿ ನಿದ್ರಿಸಿದ್ದು ಎರಡೂವರೆ ಗಂಟೆ! ಬಂದರಿನಲ್ಲಿ ಸರಕು ತುಂಬಿಸುವ ಮೇಲ್ವಿಚಾರಣೆಯೂ ಅವನದೇ ಆಗಿತ್ತು. ಮಾಲೀಕರ ಕಡೆಯವರು 2016ರಲ್ಲಿ ಪರಿಹಾರದ ಹಣ ಒಪ್ಪಿದರು. ಜೈಲು ಕಂಡವನು ನಿದ್ದೆಗೆಟ್ಟವನು.

ಹಾಗಾದರೆ ಕಾನೂನಿಲ್ಲವೇ? ಇದೆ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗ್ ಬಳಿ ಬ್ರಿಟನ್ನಿನ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಹಡಗು ಮುಂಬಾಗಿಲು ತೆರೆದೇ ಹೊರಟು ಮಗುಚಿತು. 193 ಜನ ಸತ್ತರು. ಬಾಗಿಲು ಹಾಕಬೇಕಾದವನು ಕೋಣೆಯಲ್ಲಿ ಮಲಗಿದ್ದ. ಆದರೆ ವಿಚಾರಣೆ ಅವನಲ್ಲಿಗೇ ನಿಲ್ಲದೆ ಕಂಪನಿಯ ಮೇಲ್ಮಟ್ಟದವರೆಗೂ ಹೋಯಿತು. ಅದು ಸರಿಯಾದ ಕೆಲಸ. ಆಮೇಲೆ ಬಂದ ಅಂತರರಾಷ್ಟ್ರೀಯ ಸುರಕ್ಷತಾ ನಿರ್ವಹಣಾ ಸಂಹಿತೆ 1998ರಿಂದ ಕಡ್ಡಾಯವಾಗಿ, ದಡದಲ್ಲಿ ಕೂತ ಕಂಪನಿಯನ್ನೂ ಹೊಣೆ ಮಾಡಿತು.

ದಿನಕ್ಕೆ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಎಂಬುದು ನಿಯಮ. ಹತ್ತನ್ನು ಎರಡು ತುಂಡು ಮಾಡಬಹುದು, ಒಂದು ತುಂಡು ಆರು ಗಂಟೆಯದಾಗಿರಬೇಕು. ಮೇಷ್ಟರ ಲೆಕ್ಕ ಹಾಕೋಣ: ಆ ಆರರಲ್ಲೇ ಊಟ, ಸ್ನಾನ, ಬಟ್ಟೆ ಒಗೆತ. ಕಣ್ಣು ಮುಚ್ಚಲು ಉಳಿದದ್ದೆಷ್ಟು? ಅದನ್ನೂ ಕೊಡದೆ ಪುಸ್ತಕದಲ್ಲಿ ಮಾತ್ರ ಬರೆಸುತ್ತಾರೆ. ವಿಶ್ರಾಂತಿಯ ದಾಖಲೆಗಳನ್ನು ತಿದ್ದುವುದು ಹಡಗುಗಳಲ್ಲಿ ರೂಢಿಯೇ ಆಗಿದೆಯೆಂದು ವಿಶ್ವ ಕಡಲಯಾನ ವಿಶ್ವವಿದ್ಯಾನಿಲಯದ 2020ರ ವರದಿ ಹೇಳಿತು. ಆಳುಗಳೇ ಕಡಿಮೆಯಿದ್ದರೆ ನಿಜ ಬರೆದು ಬದುಕುವುದು ಹೇಗೆ?

ನಮ್ಮ ದಾವಣಗೆರೆ ಹೆದ್ದಾರಿಯ ಲಾರಿ ಡ್ರೈವರನ ಕಥೆಯೂ ಇದೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ ಕೆಲಸ ಎಂದಿತು. ರಾತ್ರಿಯ ಹೆದ್ದಾರಿ ಅದನ್ನು ಓದಲಿಲ್ಲ.

ಕಡಲ ಕೆಲಸಕ್ಕೆ ಹೋಗುವ ನಮ್ಮ ಹುಡುಗರಿಗೆ ಒಂದು ಮಾತು. ಕಡಲ ಕಾರ್ಮಿಕರ ಒಪ್ಪಂದಕ್ಕೆ ಭಾರತ 2015ರಲ್ಲಿ ಸಹಿ ಕೂಡಿಸಿದೆ. ಅದರ ಪ್ರಕಾರ ಹಡಗಿನಲ್ಲೂ ಬಂದರಿನಲ್ಲೂ ದೂರು ಕೊಡುವ ಹಕ್ಕು ನಿಮ್ಮದು. ದುಡಿದ, ಮಲಗಿದ ಗಂಟೆಗಳನ್ನು ನಿಮ್ಮದೇ ಪುಸ್ತಕದಲ್ಲಿ ಬೇರೆಯಾಗಿ ಬರೆದಿಡಿ.