ತಲೆಯ ಮೇಲಿನ ಹಾದಿಗೂ ಕಾನೂನುಂಟು

(ಹೊಳೆಆಲೂರಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾನು ಬೆಟ್ಟದ ಕಡೆಯವನು. ಕೃಷಿ ವಿಜ್ಞಾನ ನನ್ನ ವೃತ್ತಿ. ಬಯಲಿನ ಊರಿಗೆ ಬಂದು ಮಾತನಾಡಲು ಇವನಿಗೇನು ಸಂಬಂಧ ಎಂದು ನೀವು ಕೇಳಬಹುದು. ನಿಮ್ಮೂರ ಬದಿಯಲ್ಲಿ ಹರಿಯುವ ಮಲಪ್ರಭೆಯೇ ಆ ಸಂಬಂಧ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಬೆಟ್ಟಗಳಲ್ಲಿ ಹುಟ್ಟುವ ಹೊಳೆ, ನವಿಲುತೀರ್ಥದ ಅಣೆಕಟ್ಟನ್ನು ದಾಟಿ ನಿಮ್ಮ ಹೊಲಗಳಿಗೆ ಬರುತ್ತದೆ. ಅಲ್ಲಿ ಮಳೆ ಮಿತಿಮೀರಿದರೆ ಇಲ್ಲಿ ಊರು ಮುಳುಗುತ್ತದೆ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಹೊಳೆಮಣ್ಣೂರು, ಗಾಡಗೋಳಿ, ಮೆಣಸಗಿಯಂತಹ ಊರುಗಳು ಪಟ್ಟ ಪಾಡು ನಿಮಗೆ ನಾನು ಹೇಳಬೇಕಾದುದಲ್ಲ. ನಮ್ಮ ಕಡೆ ಹಳ್ಳ ಉಕ್ಕಿ, ಗುಡ್ಡ ಜರಿದು ದಾರಿ ಕಡಿಯುತ್ತದೆ. ನಿಮ್ಮ ಕಡೆ ಹೊಳೆಯೇ ದಾರಿಯನ್ನು ನುಂಗುತ್ತದೆ. ರೋಗಿಗೆ ಔಷಧ ತಲುಪದ ಸಂಕಟ ಎರಡೂ ಕಡೆ ಒಂದೇ.

ಸಭೆಗೆ ಮುನ್ನ ವಿದ್ಯಾರ್ಥಿಯೊಬ್ಬ ಕೇಳಿದ: "ಸರ್, ಹೊಳೆ ಬಂದಾಗ ಡ್ರೋನ್‌ನಲ್ಲಿ ಔಷಧ ತರಿಸಬಹುದಲ್ಲವೇ?" ಇಂದಿನ ನನ್ನ ಮಾತೆಲ್ಲ ಈ ಪ್ರಶ್ನೆಗೆ ಉತ್ತರ.

ತರಿಸಬಹುದು. ಬೆಟ್ಟಗಳ ನಾಡಾದ ಆಫ್ರಿಕಾದ ರುವಾಂಡದಲ್ಲಿ 2016ರಿಂದಲೇ ಪುಟ್ಟ ಮಾನವರಹಿತ ವಿಮಾನಗಳು ಆಸ್ಪತ್ರೆಗಳಿಗೆ ರಕ್ತದ ಪೊಟ್ಟಣಗಳನ್ನು ಒಯ್ದು ಪ್ಯಾರಾಚೂಟ್ ಕಟ್ಟಿ ಇಳಿಸುತ್ತಿವೆ. ನಮ್ಮ ರಾಜ್ಯದ ಗೌರಿಬಿದನೂರಿನಲ್ಲಿ 2021ರ ಜೂನ್ ತಿಂಗಳಲ್ಲಿ, ಹಾರಿಸುವವನ ಕಣ್ಣಿಗೆ ಕಾಣದಷ್ಟು ದೂರ ಔಷಧ ಸಾಗಿಸುವ ಪರೀಕ್ಷೆ ಆರಂಭವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಮಣಿಪುರದ ಲೋಕ್ಟಾಕ್ ಸರೋವರದ ನಡುವಿನ ಕರಾಂಗ್ ದ್ವೀಪಕ್ಕೆ ಲಸಿಕೆ ಕಳುಹಿಸಿತು. 2024ರಲ್ಲಿ ಕಾರ್ಕಳದ ಆಸ್ಪತ್ರೆಯಿಂದ ಮಣಿಪಾಲಕ್ಕೆ, ಶಸ್ತ್ರಚಿಕಿತ್ಸೆಯ ವೇಳೆ ತೆಗೆದ ಅಂಗಾಂಶದ ಮಾದರಿಯನ್ನು ಪರೀಕ್ಷೆಗಾಗಿ ಡ್ರೋನ್ ಒಯ್ದಿತು. ರಸ್ತೆಯಲ್ಲಿ ಸುಮಾರು ಒಂದು ಗಂಟೆಯ ಪಯಣ ಅರ್ಧ ಗಂಟೆಯೊಳಗೆ ಮುಗಿಯಿತು.

ಇವೆಲ್ಲ ನಿಜ. ಆದರೆ ಇವುಗಳ ಹಿಂದೆ ವಿಶೇಷ ಅನುಮತಿಗಳೂ ಷರತ್ತುಗಳೂ ಇದ್ದವು ಎಂಬುದೂ ಅಷ್ಟೇ ನಿಜ. ಪತ್ರಿಕೆಯ ಚಿತ್ರದಲ್ಲಿ ನಮಗೆ ಹಾರುವ ಯಂತ್ರ ಮಾತ್ರ ಕಾಣುತ್ತದೆ. ಅದರ ಕಾಗದಪತ್ರ ಕಾಣುವುದಿಲ್ಲ.

ಆ ಕಾಗದಪತ್ರವೆಂದರೇನು? ಟ್ರ್ಯಾಕ್ಟರಿನ ಉದಾಹರಣೆಯಿಂದ ಹೇಳುತ್ತೇನೆ. ಟ್ರ್ಯಾಕ್ಟರಿಗೆ ನೋಂದಣಿ ಸಂಖ್ಯೆ ಇದೆ, ನಡೆಸುವವನಿಗೆ ಲೈಸೆನ್ಸ್ ಬೇಕು, ಅಪಘಾತದಲ್ಲಿ ಇತರರಿಗೆ ಹಾನಿಯಾದರೆ ಪರಿಹಾರಕ್ಕೆ ವಿಮೆ ಬೇಕು. 2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳು ಹೆಚ್ಚುಕಡಿಮೆ ಇದನ್ನೇ ಆಕಾಶಕ್ಕೆ ಅನ್ವಯಿಸಿದವು. ಡ್ರೋನುಗಳನ್ನು ಹೊರೆಯೂ ಸೇರಿದ ಒಟ್ಟು ತೂಕದ ಮೇಲೆ ವಿಂಗಡಿಸಲಾಗಿದೆ: 250 ಗ್ರಾಂವರೆಗೆ ನ್ಯಾನೋ, 2 ಕಿಲೋವರೆಗೆ ಮೈಕ್ರೋ, 25 ಕಿಲೋವರೆಗೆ ಸಣ್ಣದು, 150 ಕಿಲೋವರೆಗೆ ಮಧ್ಯಮ, ಅದಕ್ಕೂ ಮೇಲ್ಪಟ್ಟದ್ದು ದೊಡ್ಡದು. ವ್ಯಾಪಾರಕ್ಕಾಗಿ ಸಾಮಾನು ಸಾಗಿಸುವ ಡ್ರೋನಿನ ಮಾದರಿಯನ್ನು ಪರೀಕ್ಷಿಸಿ, ಅದು ನಿಗದಿತ ಮಟ್ಟಕ್ಕೆ ಸರಿಯಾಗಿದೆ ಎಂದು ಮಾದರಿ ಪ್ರಮಾಣಪತ್ರ ನೀಡಬೇಕು. ಪ್ರತಿಯೊಂದು ಯಂತ್ರಕ್ಕೂ ಪ್ರತ್ಯೇಕ ಗುರುತಿನ ಸಂಖ್ಯೆ ಇರಬೇಕು. ಹಾರಿಸುವವರು 18 ವರ್ಷ ತುಂಬಿದವರಾಗಿ, ಹತ್ತನೆಯ ತರಗತಿ ಮುಗಿಸಿ, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಹೊಂದಿ ಪ್ರಮಾಣಪತ್ರ ಪಡೆದಿರಬೇಕು. ನ್ಯಾನೋ ಡ್ರೋನಿನ ಹೊರತು ಉಳಿದವಕ್ಕೆ ಮೂರನೆಯವರ ಹಾನಿಗೆ ವಿಮೆ ಬೇಕು. ಅಪಘಾತವಾದರೆ 48 ಗಂಟೆಯೊಳಗೆ ವರದಿ ಸಲ್ಲಿಸಬೇಕು. ಆಕಾಶವನ್ನೂ ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಲಾಗಿದೆ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗಿನ ಹಾರಾಟಕ್ಕೆ ಮುಂಗಡ ಅನುಮತಿ ಬೇಡ. ಹಳದಿ ಮತ್ತು ಕೆಂಪು ವಲಯಗಳಲ್ಲಿ ಬೇಕು. ಮನುಷ್ಯರಿರುವ ವಿಮಾನ ಅಥವಾ ಹೆಲಿಕಾಪ್ಟರಿನ ದಾರಿಗೆ ಡ್ರೋನ್ ಅಡ್ಡ ಬರುವಂತಿಲ್ಲ. ಪ್ರವಾಹದ ಹೊತ್ತಿನಲ್ಲಿ ಚಿತ್ರ ತೆಗೆಯಲು ಡ್ರೋನ್ ಹಾರಿಸುವ ಉತ್ಸಾಹಿ ತರುಣರು ಇದನ್ನು ನೆನಪಿಡಬೇಕು. ರಕ್ಷಣೆಗೆ ಬರುವ ಹೆಲಿಕಾಪ್ಟರಿಗೆ ಅದು ಅಪಾಯ.

ಇಷ್ಟೆಲ್ಲ ಏಕೆ? ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಿ. ನೂರು ಮೀಟರ್ ಎತ್ತರದಲ್ಲಿ ಡ್ರೋನಿನ ಮೋಟರ್‌ಗಳು ನಿಂತುಹೋದವು ಎಂದುಕೊಳ್ಳಿ. ಗಾಳಿಯ ತಡೆಯನ್ನು ಬಿಟ್ಟರೆ, ಅದು ನೆಲಕ್ಕೆ ಬಡಿಯುವ ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್. ಇಪ್ಪತ್ತು ಕಿಲೋ ತೂಕದ ಯಂತ್ರ ಆ ವೇಗದಲ್ಲಿ ಹಂಚಿನ ಮಾಡಿನ ಮೇಲೆ ಬಿದ್ದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಅಡಿಕೆ ತೋಟವೊಂದರಲ್ಲಿ ಸಿಂಪಡಣೆಯ ಡ್ರೋನಿನ ಪ್ರಾತ್ಯಕ್ಷಿಕೆ ನಡೆಯಿತು. ಶಾಲೆಯ ಮಕ್ಕಳೂ ನೋಡಲು ಬಂದಿದ್ದರು. ಕಣಿವೆಯಿಂದ ಇದ್ದಕ್ಕಿದ್ದಂತೆ ಬೀಸಿದ ಗಾಳಿಗೆ ಯಂತ್ರ ವಾಲಿ, ಅಡಿಕೆಯ ಸೋಗೆಗೆ ಸಿಕ್ಕಿ, ಮಕ್ಕಳು ನಿಂತಿದ್ದ ಜಾಗದಿಂದ ಹತ್ತು ಮಾರು ದೂರದಲ್ಲಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅದರ ಗುರುತಿನ ಸಂಖ್ಯೆ ಏನು, ಹಾರಿಸುವವರು ಪ್ರಮಾಣಪತ್ರ ಪಡೆದವರೇ, ವಿಮೆ ಇದೆಯೇ, ಮಕ್ಕಳನ್ನು ಎಷ್ಟು ದೂರ ನಿಲ್ಲಿಸಬೇಕು ಎಂದು ಅಲ್ಲಿದ್ದ ಒಬ್ಬರೂ ಕೇಳಿರಲಿಲ್ಲ. ಡಾಕ್ಟರೇಟ್ ಪಡೆದ ನಾನೂ ಕೇಳಿರಲಿಲ್ಲ. ನಿಯಮ ಪುಸ್ತಕದಲ್ಲಿತ್ತು, ತೋಟದಲ್ಲಿರಲಿಲ್ಲ.

ಪುಸ್ತಕದಲ್ಲಿರುವ ನಿಯಮ ನೆಲಕ್ಕಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಕಾಸರಗೋಡು ಸಾಕ್ಷಿ. ಆಗ ಡ್ರೋನ್ ಇರಲಿಲ್ಲ, ಹೆಲಿಕಾಪ್ಟರ್ ಇತ್ತು. ಎಣ್ಮಕಜೆಯ ಪಡ್ರೆ, ಸ್ವರ್ಗ ಮುಂತಾದ ಊರುಗಳ ಗುಡ್ಡಗಳ ಗೇರುತೋಟಗಳ ಮೇಲೆ, 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿಯಲಾಯಿತು. ವೈಮಾನಿಕ ಸಿಂಪಡಣೆಗೆ ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು, ಜನ-ಜಾನುವಾರುಗಳು ಆ ಪ್ರದೇಶಕ್ಕೆ ಹೋಗದಂತೆ ತಡೆಯಬೇಕು ಎಂದು 1971ರ ಕೀಟನಾಶಕ ನಿಯಮಗಳಲ್ಲಿಯೇ ಬರೆದಿತ್ತು. ಆ ಬರಹ ಅಲ್ಲಿಯ ತೊರೆಗಳನ್ನು, ಮಕ್ಕಳನ್ನು ಕಾಪಾಡಲಿಲ್ಲ. ಊರಿನ ವೈದ್ಯ ಡಾ. ವೈ. ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ ಮತ್ತು ಅನೇಕ ಗ್ರಾಮಸ್ಥರು ಪ್ರಶ್ನಿಸಲು ಆರಂಭಿಸಿದ ಮೇಲೆಯೇ ಲೋಕದ ಕಣ್ಣು ಅತ್ತ ಹೊರಳಿತು. ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಆ ವಿಷವನ್ನು ತಡೆದದ್ದು 2011ರಲ್ಲಿ.

ಔಷಧದ ಪೆಟ್ಟಿಗೆಗೂ ವಿಷದ ಟ್ಯಾಂಕಿಗೂ ಹೋಲಿಕೆಯೇ ಎಂದು ನೀವು ಕೇಳಬಹುದು. ಹೊರೆ ಬೇರೆ, ಉದ್ದೇಶವೂ ಬೇರೆ. ಆದರೆ ಎರಡೂ ಹೋಗುವುದು ಕೆಳಗಿರುವವರ ತಲೆಯ ಮೇಲಿಂದಲೇ. ಮಾದರಿ ಪ್ರಮಾಣಪತ್ರ ಯಂತ್ರವನ್ನು ಪರೀಕ್ಷಿಸುತ್ತದೆ. ನಿಮ್ಮೂರಿನ ವಿದ್ಯುತ್ ತಂತಿಗಳು, ಜಾತ್ರೆಯ ಬಯಲು, ಶಾಲೆಯ ಅಂಗಳ, ನಮ್ಮ ಕಣಿವೆಯ ಗಾಳಿ ಇವು ಆ ಪ್ರಮಾಣಪತ್ರದಲ್ಲಿ ಇರುವುದಿಲ್ಲ. ಅವನ್ನು ಬಲ್ಲವರು ಊರಿನವರು.

ಆದ್ದರಿಂದ ಡ್ರೋನ್ ಬೇಡ ಎನ್ನಲು ನಾನು ಬಂದಿಲ್ಲ. ಹೊಳೆ ಬರುವ ಮೊದಲೇ, ಬೇಸಿಗೆಯ ಗ್ರಾಮಸಭೆಯಲ್ಲಿಯೇ, ಕೆಲವು ಪ್ರಶ್ನೆಗಳನ್ನು ಕೇಳಿಡಿ ಎನ್ನಲು ಬಂದಿದ್ದೇನೆ. ಯಂತ್ರಕ್ಕೆ ಪ್ರಮಾಣಪತ್ರ ಮತ್ತು ಗುರುತಿನ ಸಂಖ್ಯೆ ಇದೆಯೇ? ಹಾರಿಸುವವರು ಯಾರು? ವಿಮೆ ಯಾರ ಹೆಸರಿನಲ್ಲಿದೆ? ಎಷ್ಟು ಗಾಳಿಯಲ್ಲಿ, ಎಷ್ಟು ಮಳೆಯಲ್ಲಿ ಹಾರಾಟ ನಿಲ್ಲಿಸುತ್ತೀರಿ? ಯಾವ ದಾರಿಯಲ್ಲಿ ಬರುತ್ತೀರಿ, ಎಲ್ಲಿ ಇಳಿಸುತ್ತೀರಿ? ಇಳಿದ ಔಷಧವನ್ನು ತಂಪಾಗಿಟ್ಟು ರೋಗಿಗೆ ತಲುಪಿಸುವವರು ಯಾರು? ಬಿದ್ದರೆ ಯಾರಿಗೆ ದೂರು ಕೊಡಬೇಕು? ಉತ್ತರಗಳನ್ನು ಕನ್ನಡದಲ್ಲಿ ಬರೆಸಿ ಪಂಚಾಯಿತಿಯ ಗೋಡೆಗೆ ಅಂಟಿಸಿ.

ಕೊನೆಯದಾಗಿ ಇನ್ನೊಂದು ಮಾತು. ಗೌರಿಬಿದನೂರಿನ ಪರೀಕ್ಷೆಯಲ್ಲಿದ್ದ ಡ್ರೋನುಗಳು ಹೊರಬಲ್ಲ ಹೊರೆ ಒಂದೆರಡು ಕಿಲೋ. ಅಷ್ಟರಲ್ಲಿ ಹಾವಿನ ವಿಷಕ್ಕೆ ಮದ್ದು ಬರಬಹುದು, ಇನ್ಸುಲಿನ್ ಬರಬಹುದು. ಹೆರಿಗೆ ನೋವಿನ ತಾಯಿಯನ್ನು ಅದು ಒಯ್ಯಲಾರದು. ಡ್ರೋನ್ ಬಂತೆಂದು ಸೇತುವೆಯ ಬೇಡಿಕೆಯನ್ನಾಗಲಿ, ವೈದ್ಯರಿರುವ ಆರೋಗ್ಯ ಕೇಂದ್ರದ ಬೇಡಿಕೆಯನ್ನಾಗಲಿ ಬಿಟ್ಟುಕೊಡಬೇಡಿ. ಹೊಳೆ ಹುಟ್ಟುವ ಬೆಟ್ಟದ ಕಾಡನ್ನು ಉಳಿಸುವ ಕೆಲಸ ನಮ್ಮದು. ಅದರಲ್ಲಿ ನೀವೂ ಜೊತೆಗಿರಿ.

ಪ್ರಶ್ನೆ ಕೇಳಿದ ಆ ವಿದ್ಯಾರ್ಥಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ನಿಮ್ಮೂರಿನ ನಕ್ಷೆ ಬರೆದು, ಹೊಳೆ ಬಂದಾಗ ನೀರೇರದ, ತಂತಿಗಳಿಲ್ಲದ, ಜನ ಸೇರದ ಜಾಗ ಯಾವುದೆಂದು ಗುರುತಿಸು. ಮುಂದಿನ ಗ್ರಾಮಸಭೆಗೆ ಅದನ್ನು ಒಯ್ದು ಕೊಡು.