ಪದವಿ ಮುಗಿದ ಮೇಲಿನ ಓಟ

ಕಾಲೇಜು ಕ್ರೀಡಾಕೂಟದಲ್ಲಿ 800 ಮೀಟರ್ ಗೆದ್ದ ಹುಡುಗಿಗೆ ಸನ್ಮಾನವಾಗುತ್ತದೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಪದವಿ ಮುಗಿಯಿತೆಂದರೆ ಓಟವೂ ಮುಗಿಯಿತು ಎಂದೇ ಮನೆಯವರೂ ಊರವರೂ ತಿಳಿಯುತ್ತಾರೆ. ಮಧ್ಯಮ ದೂರದ ಓಟದ ಮಟ್ಟಿಗೆ ಈ ಲೆಕ್ಕ ತಪ್ಪು. ಕೊನೆಯ ಇನ್ನೂರು ಮೀಟರಿನಲ್ಲಿ ಕಾಲು ಕಲ್ಲಾದಾಗಲೂ ವೇಗ ಬಿಡದ ದಮ್ಮು ಒಂದೆರಡು ವರ್ಷದಲ್ಲಿ ಬರುವುದಿಲ್ಲ. ಅದು ವರ್ಷ ವರ್ಷ ಕೂಡುತ್ತಾ ಹೋಗುವಂಥದ್ದು. ಕಾಲೇಜು ಬಿಡುವ ಹೊತ್ತಿಗೆ ಓಟಗಾರ್ತಿ ಇನ್ನೂ ಅರ್ಧದಾರಿಯಲ್ಲಿರುತ್ತಾಳೆ.

ಶೈನಿ ಅಬ್ರಹಾಂ ಅವರ ಬದುಕು ಇದಕ್ಕೆ ದೊಡ್ಡ ಸಾಕ್ಷಿ. ಕೇರಳದ ಪಾಲಾದ ಅಲ್ಫೋನ್ಸಾ ಕಾಲೇಜಿನಲ್ಲಿ ಓದಿದವರು ಅವರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ, ಹತ್ತೊಂಬತ್ತರ ವಯಸ್ಸಿಗೆ, 800 ಮೀಟರ್ ಸೆಮಿಫೈನಲ್ ತಲುಪಿದರು. ಅದೇ ಕೂಟದಲ್ಲಿ ಪಿ.ಟಿ. ಉಷಾ, ಎಂ.ಡಿ. ವಲ್ಸಮ್ಮ, ನಮ್ಮ ಕರ್ನಾಟಕದ ವಂದನಾ ರಾವ್ ಅವರೊಂದಿಗೆ 4x400 ರಿಲೇ ಫೈನಲ್ಲಿನಲ್ಲಿ ಓಡಿದರು. ಮರುವರ್ಷ ಜಕಾರ್ತಾದಲ್ಲಿ ಏಷ್ಯನ್ ಚಾಂಪಿಯನ್ ಆದರು. ಅಲ್ಲಿಗೇ ನಿಲ್ಲಿಸಿದ್ದರೂ ಅದು ದೊಡ್ಡ ಸಾಧನೆಯೇ. ಆದರೆ ಅವರ ಅತ್ಯುತ್ತಮ ಓಟ ಬಂದದ್ದು ಹತ್ತು ವರ್ಷ ಕಳೆದ ಮೇಲೆ. ಮದುವೆಯಾಗಿ, ತಾಯಿಯಾಗಿ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ದೇಶದ ಧ್ವಜ ಹಿಡಿದು, 1995ರಲ್ಲಿ ಚೆನ್ನೈನ ದಕ್ಷಿಣ ಏಷ್ಯಾ ಕೂಟದಲ್ಲಿ 1 ನಿಮಿಷ 59.85 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಎರಡು ನಿಮಿಷದೊಳಗೆ 800 ಮೀಟರ್ ಓಡಿದ ಮೊದಲ ಭಾರತೀಯ ಮಹಿಳೆ ಅವರು. ಆಗ ವಯಸ್ಸು ಮೂವತ್ತು. ಈ ಹತ್ತು ವರ್ಷಗಳ ಬೆನ್ನಿಗೆ ಭಾರತೀಯ ಆಹಾರ ನಿಗಮದ ನೌಕರಿಯ ಆಸರೆ ಇತ್ತು, ಕ್ರೀಡೆ ಬಲ್ಲ ಮನೆಯಿತ್ತು. ಗಂಡ ವಿಲ್ಸನ್ ಚೆರಿಯನ್ ಕೂಡ ಅಂತರರಾಷ್ಟ್ರೀಯ ಈಜುಗಾರರು. ಪುರುಷರಲ್ಲೂ ಕತೆ ಬೇರೆಯಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಮೀಟರ್ ಫೈನಲ್ಲಿನಲ್ಲಿ 1 ನಿಮಿಷ 45.77 ಸೆಕೆಂಡಿನಲ್ಲಿ ಓಡಿದ ಶ್ರೀರಾಮ್ ಸಿಂಗ್ ಸೈನಿಕರು. 42 ವರ್ಷ ಉಳಿದ ಆ ರಾಷ್ಟ್ರೀಯ ದಾಖಲೆಯನ್ನು 2018ರಲ್ಲಿ ಮುರಿದ ಜಿನ್ಸನ್ ಜಾನ್ಸನ್ ಕೂಡ ಸೈನಿಕರೇ. ಸೇನೆ ಅವರಿಗೆ ಅನ್ನ ಕೊಟ್ಟಿತು, ಅದಕ್ಕಿಂತ ಹೆಚ್ಚಾಗಿ ಸಮಯ ಕೊಟ್ಟಿತು.

ನಿಜವಾದ ಪ್ರತಿಭೆ ಆಸರೆಯಿಲ್ಲದೆಯೂ ಗೆಲ್ಲುತ್ತದೆ ಎನ್ನುವವರು ಮಂಜಿತ್ ಸಿಂಗ್ ಅವರನ್ನು ತೋರಿಸಬಹುದು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಚಿನ್ನ ಗೆದ್ದಾಗ ಅವರ ಕೈಯಲ್ಲಿ ನೌಕರಿ ಇರಲಿಲ್ಲ. ಆ ಗೆಲುವಿಗೆ ನನ್ನ ನಮಸ್ಕಾರ. ಆದರೆ ಅವರು ಗೆದ್ದರೆಂದು ನಮಗೆ ಗೊತ್ತು, ಅದೇ ಸ್ಥಿತಿಯಲ್ಲಿ ಓಟ ಬಿಟ್ಟವರ ಹೆಸರು ಯಾವ ಫಲಿತಾಂಶದ ಪಟ್ಟಿಯಲ್ಲೂ ಇರುವುದಿಲ್ಲ. ಗೆದ್ದ ಒಬ್ಬರನ್ನು ಮುಂದಿಟ್ಟು ಉಳಿದವರಿಗೂ ಆಸರೆ ಬೇಡ ಎನ್ನುವುದು ಅನ್ಯಾಯ.

ಇನ್ನೊಂದು ಮಾತು ಮನೆಗಳಿಂದಲೇ ಬರುತ್ತದೆ, ಅದಕ್ಕೆ ತೂಕವೂ ಹೆಚ್ಚು. ಪಟಾನ್‌ಚೆರುವಿನಂಥ ಹೈದರಾಬಾದ್ ಹೊರವಲಯದ ಕಾರ್ಖಾನೆಗಳ ಊರಿನಲ್ಲಿ, ಬೀದರ್, ಹುಮನಾಬಾದ್ ಕಡೆಯಿಂದ ಬಂದು ನೆಲೆಸಿದ ಕುಟುಂಬ, ಡಿಗ್ರಿ ಮುಗಿಸಿದ ಮಗಳು ನಾಲ್ಕು ಕಾಸು ದುಡಿಯಲಿ ಎಂದು ಬಯಸಿದರೆ ಅದರಲ್ಲಿ ತಪ್ಪೇನಿದೆ? ಬಾಡಿಗೆ ಕಟ್ಟಬೇಕು, ತಮ್ಮನ ಫೀಸು ಕಟ್ಟಬೇಕು. ಗಚ್ಚಿಬೌಲಿಯ ಓಟದ ಟ್ರ್ಯಾಕ್ ಆ ಊರಿನಿಂದ ಬಹಳ ದೂರವಿಲ್ಲ, ನಿಜ. ಆದರೆ ರಾತ್ರಿ ಶಿಫ್ಟ್ ಮುಗಿಸಿದವಳು ಬೆಳಗ್ಗೆ ಅಲ್ಲಿ ಓಡಬೇಕೆಂದರೆ ಆಗುವ ಮಾತಲ್ಲ. ಆದ್ದರಿಂದ ತಂದೆತಾಯಿಗೆ ಬುದ್ಧಿ ಹೇಳುವುದನ್ನು ಬಿಟ್ಟು, ಆ ಹೊರೆಯನ್ನು ಹೊರಬಲ್ಲವರತ್ತ ನೋಡಬೇಕು. ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಅದರ ಪಟ್ಟಿಯಲ್ಲಿದೆ. ಒಂದು ದಿನದ ಮ್ಯಾರಥಾನಿಗೆ ಟೀ-ಶರ್ಟ್ ಹಂಚುವ ಬದಲು, ಕಾಲೇಜು ಮುಗಿಸಿದ ಒಬ್ಬ ಓಟಗಾರ್ತಿಗೆ ಐದಾರು ವರ್ಷ ಶಿಷ್ಯವೇತನ, ಕೋಚ್ ಮತ್ತು ಒಳ್ಳೆಯ ಊಟ ಕೊಡಲು ಆ ಹಣದ ಸಣ್ಣ ಪಾಲು ಸಾಕು.